ಮೊಮ್ಮಗಳ ಕ್ಯಾಮೆರಾ, ಮಂಡಿ ಅಮ್ಮನ ಹೊಸ್ತಿಲು

ನಮ್ಮ ಮೊಮ್ಮಗಳು ಅರಸೀಕೆರೆಯ ಕೊಬ್ಬರಿ ಮಂಡಿಗೆ ಹಾಕಿದ ಕ್ಯಾಮೆರಾ ಕಣ್ಣು ಬಿಟ್ಟಿದೆ. ಅವಳೇ ಒಪ್ಪಿಕೊಂಡು, ಅವಳೇ ಏಣಿ ಹತ್ತಿ, ಅವಳೇ ಮುಗಿಸಿದ ಮೊದಲನೇ ಕೆಲಸ. ಇನ್ನು ಅವಳು ಬೇಲೂರಿನ ಬಟ್ಟೆ ಅಂಗಡಿಗೆ ಹೋಗಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಇಂಥದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೊನೆಗೆ ಹೇಳುವಷ್ಟು ತಾಳ್ಮೆ ನನಗಿಲ್ಲ. ಹಾಲಿನ ಡೈರಿಯ ಮುಂದೆ ನಿಂತವರಿಗೆ ಹೇಳಿದೆ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಹೇಳಿದೆ, ಹುಲಿಕೆರೆಯಲ್ಲಿರುವ ನನ್ನ ತಂಗಿಗೆ ಫೋನು ಮಾಡಿ ಹೇಳಿದೆ. ನಿನ್ನೆ ಸಂಜೆಯೂ ನೀನು ಇದನ್ನೇ ಹೇಳಿದ್ದೆ ಕಣಕ್ಕ ಅಂದಳು. ಹೇಳಿದ್ದರೆ ಏನು, ಇನ್ನೊಂದು ಸಲ ಕೇಳು ಅಂದೆ. ಕೇಳಿದಳು ಪಾಪ.

ಈಗ ಮೊದಲಿನಿಂದ ಹೇಳುತ್ತೇನೆ.

ಅವಳು ನನ್ನ ಒಬ್ಬನೇ ಮಗನ ಒಬ್ಬಳೇ ಮಗಳು. ಹಾಸನಕ್ಕೆ ಓಡಾಡಿಕೊಂಡು ಡಿಪ್ಲೊಮಾ ಓದಿದಳು. ಆಮೇಲೆ ಬೇಲೂರಿನಲ್ಲಿ ಕ್ಯಾಮೆರಾ ಹಾಕುವವರ ಹತ್ತಿರ ಕೆಲಸಕ್ಕೆ ಸೇರಿದಳು. ಹಳೇಬೀಡಿನ ಹೋಟೆಲಿಗೆ, ಬಿಕ್ಕೋಡಿನ ಕಡೆಯ ಕಾಫಿ ಗೋದಾಮಿಗೆ, ಎಲ್ಲೆಲ್ಲಿಗೋ ಜೀಪಿನಲ್ಲಿ ಹೋಗಿ ಬರುತ್ತಿದ್ದಳು. ಹೋದಲ್ಲೆಲ್ಲ ಅವಳದು ಕೆಳಗೆ ನಿಂತು ವೈರು ಎತ್ತಿ ಕೊಡುವ ಕೆಲಸ, ಏಣಿ ಹತ್ತುವವರು ಬೇರೆ. ರಾತ್ರಿ ಊಟಕ್ಕೆ ಕೂತಾಗ, ಅವರು ಅದನ್ನು ಅಲ್ಲಿ ಇಟ್ಟಿದ್ದು ಸರಿಯಿಲ್ಲ ಅಜ್ಜಿ, ಬೆಳಿಗ್ಗೆ ಹೊತ್ತು ಬಿಸಿಲು ನೇರ ಬಂದು ಏನೂ ಕಾಣಲ್ಲ, ನಾನಾಗಿದ್ದರೆ ಇತ್ತ ಕಡೆ ತಿರುಗಿಸುತ್ತಿದ್ದೆ ಅನ್ನುತ್ತಿದ್ದಳು. ನನಗೆ ಒಂದೂ ಅರ್ಥವಾಗುತ್ತಿರಲಿಲ್ಲ. ಆದರೂ ಹೌದೌದು, ಇತ್ತ ಕಡೆ ತಿರುಗಿಸಬೇಕಾಗಿತ್ತು ಅನ್ನುತ್ತಿದ್ದೆ. ಆ ಅಂಗಡಿಯವರು ಬಾಗಿಲು ಹಾಕಿಕೊಂಡು ಬೇರೆ ಊರಿಗೆ ಹೋದಾಗ, ಇನ್ನು ಮೇಲೆ ನಾನೇ ಒಪ್ಪಿಕೊಂಡು ಮಾಡುತ್ತೇನೆ ಅಂತ ಇವಳು ನಿಂತಳು.

ಅವರಪ್ಪನಿಗೆ ಅದು ಆಗಿಬರಲಿಲ್ಲ. ಅವನಿಗೆ ಬೇಡ ಅನಿಸಿದ್ದು ಕ್ಯಾಮೆರಾ ಅಲ್ಲ, ಏಣಿ. ನನ್ನ ಮಗ ಮೊದಲು ತೆಂಗಿನಕಾಯಿ ಕೀಳುತ್ತಿದ್ದವನು. ನಮ್ಮ ಸುತ್ತಿನ ತೋಟಗಳಲ್ಲಿ ಅವನಷ್ಟು ಸಲೀಸಾಗಿ ಮರ ಹತ್ತುವವರು ಇರಲಿಲ್ಲ. ಒಂದು ದಿನ ಮರದಿಂದ ಬಿದ್ದ. ಜೀವ ಉಳಿಯಿತು, ಬಲಗಾಲು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಈಗ ಲಗೇಜ್ ಆಟೋ ಓಡಿಸುತ್ತಾನೆ. ಅವತ್ತಿನಿಂದ ಅವನು ಅಟ್ಟಕ್ಕೂ ಹತ್ತುವುದಿಲ್ಲ, ನಾವು ಯಾರಾದರೂ ಸ್ಟೂಲಿನ ಮೇಲೆ ನಿಂತು ಜೇಡರಬಲೆ ತೆಗೆದರೂ ಎದ್ದು ಆಚೆ ಹೋಗುತ್ತಾನೆ. ಇನ್ನು ಹೆತ್ತ ಮಗಳು ಏಣಿ ಹತ್ತುವ ಕೆಲಸ ಹಿಡಿಯುತ್ತೇನೆ ಅಂದರೆ ಹೇಗಾಗಬೇಡ. ಬೇಲೂರಿನಲ್ಲಿ ಅವನ ಸ್ನೇಹಿತನದೊಂದು ಬಟ್ಟೆ ಅಂಗಡಿ ಇದೆ. ಅಲ್ಲಿ ಫ್ಯಾನಿನ ಕೆಳಗೆ ಕೂತು ಬಿಲ್ಲು ಹಾಕುವ ಕೆಲಸ ಅಂತ ಮಾತಾಡಿಕೊಂಡು ಬಂದ. ಇವಳು ಒಲ್ಲೆ ಅಂದಳು. ಒಂದು ವಾರ ಮನೆಯಲ್ಲಿ ಮಾತೇ ಇಲ್ಲ. ಅಪ್ಪ ಮಗಳು ಇಬ್ಬರೂ ನನ್ನ ಹತ್ತಿರ ಹೇಳುವುದು, ನಾನು ಅಲ್ಲಿಂದ ಇಲ್ಲಿಗೆ ಹೊತ್ತು ಹಾಕುವುದು. ಕೊನೆಗೆ ಅವನೇ ಒಂದು ದಾರಿ ಹೇಳಿದ.

"ಒಂದು ಕೆಲಸ ನೀನೇ ಒಪ್ಕೊಂಡು ನೀನೇ ಮುಗ್ಸು. ಮುಗ್ಸಿದ್ರೆ ನಾನು ಬಟ್ಟೆ ಅಂಗ್ಡಿ ಮಾತೆತ್ತಲ್ಲ. ಆಗ್ಲಿಲ್ವಾ, ಸೋಮವಾರ ಬೇಲೂರು ಬಸ್ಸು ಹತ್ತು."

ಅವಳು ಆಯ್ತಪ್ಪ ಅಂದಳು. ಆದರೆ ಹೊಸಬಳಿಗೆ, ಅದರಲ್ಲೂ ಹೆಣ್ಣುಹುಡುಗಿಗೆ, ಕೆಲಸ ಕೊಡುವವರು ಯಾರು?

ಕೊಟ್ಟವರು ಮಂಡಿ ಅಮ್ಮ. ಅರಸೀಕೆರೆಯ ಆ ಮಂಡಿಯಲ್ಲಿ ನಾನು ಬಹಳ ವರ್ಷ ಕೊಬ್ಬರಿ ಒಡೆದಿದ್ದೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಿತ ಕಾಯನ್ನು ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಹಾಗೇ ಬಿಡಬೇಕು. ಒಳಗಿನ ನೀರೆಲ್ಲ ಹೀರಿಕೊಂಡು ತಿರುಳು ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಗೊಟಗೊಟ ಅನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ಒಳಗಿನ ಕೊಬ್ಬರಿ ಗಿಟುಕಿಗೆ ಏಟು ಬೀಳದ ಹಾಗೆ ಕರಟ ಒಡೆಯಬೇಕು. ಗೋದಾಮಿನಲ್ಲಿ ಹೆಂಗಸರು ಸುತ್ತ ಕೂತು ಆ ಕೆಲಸ ಮಾಡುತ್ತಾರೆ. ಕೈಗೆ ಕೆಲಸ, ಬಾಯಿಗೆ ಪುರಸೊತ್ತು. ಮಂಡಿಯ ಹೆಂಗಸರ ಕಿವಿಯಿಂದ ಊರಿನ ಯಾವ ಸುದ್ದಿಯೂ ತಪ್ಪಿಸಿಕೊಳ್ಳುವುದಿಲ್ಲ. ಮಂಡಿ ನಮ್ಮ ಯಜಮಾನರದು ಅಂತ ಅಮ್ಮ ಈಗಲೂ ಹೇಳುವುದು, ಯಜಮಾನರು ತೀರಿಕೊಂಡಿದ್ದಾರೆ. ವ್ಯಾಪಾರ ನಡೆಸುತ್ತಿರುವವರು ಅಮ್ಮನೇ. ನನಗೆ ಮೊಣಕಾಲು ನೋವು ಬಂದು ಕೂರಲು ಆಗದೆ ಕೆಲಸ ಬಿಟ್ಟಿದ್ದೇನೆ, ಆದರೆ ಸಂತೆಗೆ ಹೋದಾಗ ಅಮ್ಮನ ಹತ್ತಿರ ಒಂದು ಲೋಟ ಕಾಫಿ ಕುಡಿಯದೆ ಬಂದವಳಲ್ಲ.

ಅಂಥ ಒಂದು ದಿನ ಅಮ್ಮ ಚಿಂತೆಯಲ್ಲಿದ್ದರು. ಶಿವಮೊಗ್ಗದಲ್ಲಿ ಮಗಳ ಮಗಳಿಗೆ ದಿನ ತುಂಬಿದೆ, ಬಾಣಂತನಕ್ಕೆ ಹೋಗಬೇಕು, ಹೋದರೆ ಮೂರು ತಿಂಗಳು. ಅಷ್ಟು ದಿನ ಗೋದಾಮನ್ನು ಕಣ್ಣಲ್ಲಿ ನೋಡದೆ ಹೇಗಿರುವುದು ಅಂತ. ಕ್ಯಾಮೆರಾ ಹಾಕಿಸಿದರೆ ಅಲ್ಲಿಂದಲೇ ಫೋನಿನಲ್ಲಿ ನೋಡಬಹುದು ಅಂತ ಅವರ ತಮ್ಮ ಹೇಳಿದ್ದರಂತೆ, ಹಾಸನದ ಒಬ್ಬರನ್ನು ಗೊತ್ತೂ ಮಾಡಿದ್ದರಂತೆ. ನಾನು ಲೋಟ ಕೆಳಗಿಟ್ಟೆ. ನನ್ನ ಮೊಮ್ಮಗಳ ಕೆಲಸವೇ ಅದು ಅಂದೆ. ಆಮೇಲೆ ಅರ್ಧ ಗಂಟೆ ಅಮ್ಮನಿಗೆ ಮಾತಾಡಲು ಬಿಡಲಿಲ್ಲ. ಬಿಸಿಲು ನೇರ ಬಂದರೆ ಏನೂ ಕಾಣುವುದಿಲ್ಲ, ಇತ್ತ ಕಡೆ ತಿರುಗಿಸಬೇಕು ಅಂತ ಅವಳು ಹೇಳಿದ್ದನ್ನೆಲ್ಲ ನಾನೇ ಕಂಡುಹಿಡಿದವಳ ಹಾಗೆ ಹೇಳಿದೆ. ಅಮ್ಮ ನಕ್ಕುಬಿಟ್ಟರು. ನಾನು ಶಿವಮೊಗ್ಗಕ್ಕೆ ಹೊರಡುವ ಹಿಂದಿನ ದಿನ ಬರಲಿ, ಅವತ್ತು ಸಂಜೆಯೊಳಗೆ ನನ್ನ ಫೋನಿನಲ್ಲಿ ಗೋದಾಮು ಕಾಣಬೇಕು, ಇಲ್ಲದಿದ್ದರೆ ಹಾಸನದವರಿಗೇ ಹೇಳುತ್ತೇನೆ ಅಂದರು. ಇನ್ನೊಂದು ಮಾತೂ ಅಂದರು, ಜೊತೆಗೆ ನೀನೂ ಬಾ, ಸುಮ್ಮನೆ ಕೂತಿರು ಅಂತ. ಸುಮ್ಮನೆ ಅನ್ನುವುದನ್ನು ಒತ್ತಿ ಹೇಳಿದರು.

ಆ ದಿನ ಬೆಳಿಗ್ಗೆ ನನ್ನ ಮಗ ಏಣಿಯನ್ನು ಆಟೋಗೆ ತಾನೇ ಕಟ್ಟಿದ. ಕಟ್ಟಿದ ಹಗ್ಗ ಎಳೆದು ನೋಡಿದ, ಬಿಚ್ಚಿ ಮತ್ತೆ ಕಟ್ಟಿದ. ನಾನು ಬಿಟ್ಟು ಬಂದುಬಿಡುತ್ತೇನೆ, ನನಗೆ ಬಾಡಿಗೆ ಇದೆ ಅಂದ. ಮಂಡಿ ತಲುಪಿದ ಮೇಲೆ ಏಣಿ ಇಳಿಸಿದ, ಒಳಗೆ ತಂದ, ಗೋಡೆಗೆ ಒರಗಿಸಿದ, ಕೆಳಗೆ ಎರಡೂ ಕೈಯಲ್ಲಿ ಹಿಡಿದು ನಿಂತ. ಬಾಡಿಗೆಯ ಮಾತು ಮತ್ತೆ ಬರಲಿಲ್ಲ.

ನನಗೆ ಗೋದಾಮಿನ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಟ್ಟರು. ಜೀವಮಾನವೆಲ್ಲ ಆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವಳಿಗೆ ಕುರ್ಚಿ. ಕರಟ ಒಡೆಯುತ್ತಿದ್ದ ನನ್ನ ಹಳೇ ಜೊತೆಯವರು ಬಿಡುತ್ತಾರೆಯೇ? ಇಂಜಿನಿಯರಮ್ಮನ ಅಜ್ಜಿ ಬಂದವರೆ, ದೂಳು ಎಬ್ಬಿಸ್ಬೇಡ್ರೇ ಅಂತ ಒಬ್ಬಳು. ಕಾಫಿಗೆ ಸಕ್ಕರೆ ಎಷ್ಟು ಹಾಕಬೇಕು ಮೇಡಂ ಅಂತ ಇನ್ನೊಬ್ಬಳು. ನಾನು ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಕೂತೆ. ಸುಮ್ಮನೆ ಕೂತಿರು ಅಂತ ಅಮ್ಮ ಹೇಳಿದ್ದಾರಲ್ಲ.

ಮೊಮ್ಮಗಳು ಮೊದಲು ಗೋದಾಮಿನೊಳಗೆ ಎರಡು ಸುತ್ತು ಹೊಡೆದಳು, ಬೆಳಕು ಎಲ್ಲಿಂದ ಬರುತ್ತದೆ ಅಂತ ನೋಡಿದಳು. ಆಮೇಲೆ ಅಟ್ಟದ ತೊಲೆಗೆ ಒಂದು ಗುರುತು ಹಾಕಿಕೊಂಡು ಏಣಿ ಹತ್ತಿದಳು. ನನ್ನ ಮಗ ಮೇಲೆ ನೋಡಲೇ ಇಲ್ಲ. ಏಣಿಯ ಮೆಟ್ಟಿಲ ಮೇಲಿದ್ದ ಅವಳ ಪಾದವನ್ನೇ ನೋಡುತ್ತಿದ್ದ. ಅವಳು ಡ್ರಿಲ್ಲು ಹಿಡಿದಾಗ ಅದರ ಸದ್ದಿಗೆ ಅವನ ದವಡೆ ಬಿಗಿಯಾಗುವುದು ನನಗೆ ಕುರ್ಚಿಯಿಂದಲೇ ಕಾಣುತ್ತಿತ್ತು. ಕ್ಯಾಮೆರಾ ಅಂದರೆ ಎಷ್ಟು ದೊಡ್ಡದು ಅಂದುಕೊಂಡಿದ್ದೆ, ಒಂದು ಎಳನೀರು ಬುರುಡೆಯಷ್ಟೂ ಇಲ್ಲ. ಕರೆಂಟು ಕೊಟ್ಟಾಗ ಅದರ ಹಣೆಯಲ್ಲಿ ಒಂದು ಕೆಂಪು ದೀಪ ಹತ್ತಿತು. ನಾನು ಕೈ ಮುಗಿದೆ. ಆಯಿತೇನೋ ಅಂದುಕೊಂಡೆ.

ಆಗಿರಲಿಲ್ಲ. ಅವಳು ಕೆಳಗಿಳಿದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೇಳಿದಳು, ಈಗ ಅದು ಎದ್ದಿದೆ ಅಷ್ಟೆ ಅಜ್ಜಿ, ನೋಡಿದ್ದನ್ನು ಯಾರಿಗೂ ಹೇಳುವುದಕ್ಕೆ ಬಾಯಿಲ್ಲ ಅಂತ. ಮಂಡಿಯ ಆಫೀಸಿನಲ್ಲಿ ಇಂಟರ್ನೆಟ್ಟಿನ ಡಬ್ಬಿ ಇದೆ. ತೂಕದ ಯಂತ್ರ, ಬಿಲ್ಲಿನ ಕಂಪ್ಯೂಟರು ಎಲ್ಲ ಆ ಡಬ್ಬಿಯಿಂದಲೇ ನಡೆಯುವುದು. ಕ್ಯಾಮೆರಾವನ್ನೂ ಅದಕ್ಕೆ ಸೇರಿಸಿದರೆ ಶಿವಮೊಗ್ಗದಲ್ಲಿ ಕೂತ ಅಮ್ಮನಿಗೂ ಕಾಣುತ್ತದೆ. ಕಂಪ್ಯೂಟರಿಗೆ ಕೊಟ್ಟ ಹಾಗೆ ಇದಕ್ಕೂ ವೈರು ಎಳೆಯೋಣ ಅಂದರೆ ಆಫೀಸಿಗೂ ಗೋದಾಮಿಗೂ ನಡುವೆ ಅಂಗಳ, ಲೋಡು ತುಂಬಿದ ಲಾರಿ ಬಂದರೆ ಅದರ ತಲೆಗೆ ಸಿಕ್ಕಿ ಹರಿದು ಹೋಗುತ್ತದೆ. ಹಾಗಾಗಿ ಗಾಳಿಯಲ್ಲೇ ಸೇರಿಸಬೇಕು, ಅದಕ್ಕೆ ಪಾಸ್‌ವರ್ಡ್ ಬೇಕು. ಬಾಗಿಲಿಗೆ ಬೀಗದ ಕೈ ಇದ್ದ ಹಾಗೆ ಅಂದಳು.

ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಯಾರ ಹತ್ತಿರವೂ ಇರಲಿಲ್ಲ. ಅದನ್ನು ಇಟ್ಟವರು ತೀರಿಕೊಂಡ ಯಜಮಾನರು. ಗುಮಾಸ್ತರು ಕೆಲಸ ಬಿಟ್ಟು ಫೋನಿನಲ್ಲಿ ಸಿನಿಮಾ ನೋಡುತ್ತಾರೆ ಅಂತ ಯಾರಿಗೂ ಹೇಳಿಕೊಟ್ಟಿರಲಿಲ್ಲವಂತೆ. ಗುಮಾಸ್ತರೇ ನಗುತ್ತಾ ಹೇಳಿದರು, ಅವರು ಅಂದುಕೊಂಡಿದ್ದು ಸುಳ್ಳೇನಲ್ಲ ಅಂತ. ಯಜಮಾನರ ಫೋನು ಕೆಟ್ಟು ಯಾವ ಕಾಲವಾಯಿತೋ. ಗುಮಾಸ್ತರು ಹೇಳಿದ್ದನ್ನೆಲ್ಲ ಮೊಮ್ಮಗಳು ಒತ್ತಿ ನೋಡಿದಳು. ಬೋರ್ಡಿನ ಮೇಲಿರುವ ಯಜಮಾನರ ಹೆಸರು, ಮಂಡಿಯ ಹೆಸರು, ಮನೆದೇವರ ಹೆಸರು, ಹಳೇ ಲಾರಿಯ ನಂಬರು. ಯಾವುದಕ್ಕೂ ತೆರೆಯಲಿಲ್ಲ. ನೆಟ್ಟಿನ ಕಂಪನಿಯವರಿಗೆ ಫೋನು ಮಾಡಿದಳು. ಬರುವುದು ಎರಡು ಮೂರು ದಿನವಾಗುತ್ತದೆ, ಬಂದರೂ ಎಲ್ಲ ಅಳಿಸಿ ಹೊಸದಾಗಿ ಮಾಡಬೇಕು ಅಂದರಂತೆ.

ಆ ಹೊತ್ತಿಗೆ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ನನ್ನ ಮಗ ಏಣಿ ಬಿಟ್ಟಿರಲಿಲ್ಲ, ಖಾಲಿ ಏಣಿಯನ್ನೇ ಹಿಡಿದುಕೊಂಡು ನಿಂತಿದ್ದ. ಕರೆದು ಕೂರಿಸಿದರೆ ಅಲ್ಲೇ ಏಣಿ ಕಾಣುವ ಹಾಗೆ ಕೂತು ಬುತ್ತಿ ತಿಂದ. ಮಗಳ ತಟ್ಟೆ ಮುಟ್ಟದೆ ಇತ್ತು. ಅವನು ಅದನ್ನು ನೋಡಿದ. ಅವನಿಗೆ ಖುಷಿಯಾಗಬೇಕಾಗಿತ್ತು, ಸೋಮವಾರ ಬಟ್ಟೆ ಅಂಗಡಿ ಗಟ್ಟಿಯಾಗುತ್ತಿದೆಯಲ್ಲ. ಆದರೆ ಅವನ ಮುಖದಲ್ಲಿ ಖುಷಿ ಇರಲಿಲ್ಲ. ಮೆಲ್ಲಗೆ ನನ್ನ ಹತ್ತಿರ ಬಂದು, ಆ ಬೀಗ ತೆಗೆಯೋಕೆ ಬೇರೆ ಏನೂ ದಾರಿ ಇಲ್ವೇನವ್ವಾ ಅಂತ ಕೇಳಿದ.

ದಾರಿ ಇತ್ತು. ಡಬ್ಬಿಯ ಹಿಂದೆ ಒಂದು ಸಣ್ಣ ತೂತಿದೆ, ಅದಕ್ಕೆ ಪಿನ್ನು ಚುಚ್ಚಿ ಹಿಡಿದರೆ ಹಳೆಯದೆಲ್ಲ ಅಳಿಸಿ ಹೊಸ ಡಬ್ಬಿಯ ಹಾಗೆ ಆಗುತ್ತದಂತೆ. ಆದರೆ ಕಂಪನಿಯವರು ಬಂದು ಸರಿಮಾಡುವವರೆಗೆ ಬಿಲ್ಲು, ತೂಕ ಎಲ್ಲ ನಿಂತು ಹೋಗುತ್ತದೆ. ಹಾಗೆ ಮಾಡಲೋ ಬೇಡವೋ ಅಂತ ಕೇಳಲು ಮೊಮ್ಮಗಳು ಆಫೀಸಿಗೆ ಹೋದಳು, ಹಿಂದೆಯೇ ನಾನೂ ಹೋದೆ. ಅಮ್ಮ ಗಾದಿಯ ಮೇಲೆ ಕೂತಿದ್ದರು. ಬೆಳಿಗ್ಗೆಯಿಂದ ಅವರು ಈ ವಿಷಯಕ್ಕೆ ಬಾಯಿ ಹಾಕಿರಲಿಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಬಿಲ್ಲು ನಿಂತ್ರೆ ಕೈಯಲ್ಲಿ ಬರ್ಕೊಳ್ಳೋಣ ಕಣಮ್ಮ. ಆದ್ರೂ ಅಳಿಸೋದು ಬೇಡ. ಅವರು ಇಟ್ಟಿದ್ದು ಅದು."

ಇಷ್ಟು ಅಂದು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ಮೊಮ್ಮಗಳು ಸರಿ ಅಮ್ಮ ಅಂದಳು. ಅವಳ ದನಿ ಸಣ್ಣಗಾಗಿತ್ತು. ಸಾಮಾನು ಎತ್ತಿಡುತ್ತೇನೆ ಅಂತ ತಿರುಗಿದಳು. ಬಾಗಿಲವರೆಗೆ ಹೋದವಳನ್ನು ಅಮ್ಮ ಕರೆದರು. ಆಮೇಲೆ ಹೇಳಿದ್ದು ಅವಳಿಗಲ್ಲ, ನನಗೆ. ನಮ್ಮ ವಯಸ್ಸಿನವರಿಗೇ ಅರ್ಥವಾಗುವ ಮಾತು ಅದು.

ಯಜಮಾನರು ಏನು ಇಟ್ಟಿದ್ದಾರೆ ಅಂತ ಅಮ್ಮನಿಗೆ ಮೊದಲಿಂದಲೂ ಗೊತ್ತಿತ್ತು. ಡಬ್ಬಿ ತಂದು ಇಟ್ಟ ದಿನ ಅವರೇ ಹೇಳಿದ್ದರಂತೆ, ನನ್ನ ಹೆಸರೇ ಇಟ್ಟಿದ್ದೀನಿ ಕಣೇ, ಬೋರ್ಡಿನ ಹೆಸರಲ್ಲ, ನಮ್ಮವ್ವ ಕೂಗುತ್ತಿದ್ದ ಹೆಸರು, ನೀನಂತೂ ಬಾಯಿಬಿಟ್ಟು ಹೇಳಲ್ಲ, ಅದಕ್ಕಿಂತ ಗಟ್ಟಿ ಬೀಗ ಬೇಕಾ ಅಂತ. ಹೇಳಿ ಗಾದಿಯ ಮೇಲೆ ಬಿದ್ದು ಬಿದ್ದು ನಕ್ಕಿದ್ದರಂತೆ. ಅವರ ತಾಯಿ ಹೋದ ಮೇಲೆ ಆ ಹೆಸರಿನಿಂದ ಅವರನ್ನು ಕೂಗುವವರೇ ಉಳಿದಿರಲಿಲ್ಲ, ಮಕ್ಕಳಿಗೂ ಗೊತ್ತಿಲ್ಲ.

ಮೊಮ್ಮಗಳು ನನ್ನ ಮುಖ ನೋಡಿದಳು. ಅವಳಿಗೆ ಇದು ಅರ್ಥವಾಗುವುದು ಕಷ್ಟ. ನಾನು ಹೇಳಿದೆ, ಗಂಡನ ಹೆಸರು ನಾವು ಹೇಳುವುದಿಲ್ಲ ಕಣೇ, ನಿಮ್ಮಜ್ಜನ ಹೆಸರು ನನ್ನ ಬಾಯಲ್ಲಿ ಯಾವತ್ತಾದರೂ ಕೇಳಿದ್ದೀಯಾ ಅಂತ. ಅವಳು ಯೋಚನೆ ಮಾಡಿದಳು. ಇಲ್ಲ ಅಂದಳು. ಬರೆದು ಕೊಡಬಹುದಲ್ಲ ಅಮ್ಮ ಅಂತ ಕೇಳಿದಳು. ಅಮ್ಮ ತಲೆಯಾಡಿಸಿದರು. ಬರೆದ ಚೀಟಿ ನಾಳೆ ಕಸದ ಜೊತೆ ಹೋಗುತ್ತದೆ, ಯಾರ ಕಾಲಡಿ ಬೀಳುತ್ತದೋ, ಅವರ ಹೆಸರು ಹಾಗೆ ಬೀಳಬಾರದು ಅಂದರು. ಹೇಳಬೇಕು ಅಂತ ಬೆಳಿಗ್ಗೆಯಿಂದ ಮನಸ್ಸು ಮಾಡುತ್ತಿದ್ದೇನೆ, ನಾಲಿಗೆಯೇ ಏಳುತ್ತಿಲ್ಲ ಅಂದರು. ಅವರ ಕಣ್ಣು ತುಂಬಿತ್ತು, ಜೊತೆಗೆ ನಗುವೂ ಬರುತ್ತಿತ್ತು. ಇರುವಾಗಲೂ ಹೀಗೇ ಆಟ ಆಡಿಸುತ್ತಿದ್ದರು, ಹೋದ ಮೇಲೂ ಬಿಡಲಿಲ್ಲ ನೋಡು ಅಂದರು.

ನಾವು ಮೂವರೂ ಗೋದಾಮಿನ ಕಡೆ ಬಂದೆವು. ವಿಷಯ ಕರಟ ಒಡೆಯುವವರ ಕಿವಿಗೆ ಹೇಗೆ ಬಿತ್ತೋ ಕೇಳಬೇಡಿ. ಬಹುಶಃ ನಾನೇ ಹೇಳಿರಬೇಕು. ಅವರು ಮಚ್ಚು ಕೆಳಗಿಟ್ಟರು. ಅಮ್ಮ ಗೋದಾಮಿನ ಹೊಸ್ತಿಲಿಗೆ ಕಾಲಿಡಬೇಕು ಅನ್ನುವಷ್ಟರಲ್ಲಿ, ಕಾಫಿಗೆ ಸಕ್ಕರೆ ಎಷ್ಟು ಅಂತ ನನ್ನನ್ನು ಛೇಡಿಸಿದವಳು ಎದ್ದು ಬಂದು ಬಾಗಿಲಿಗೆ ಅಡ್ಡ ಕೈ ಚಾಚಿದಳು.

"ಹೆಸ್ರು ಹೇಳಿ ಒಳೀಕ್ ಬನ್ನಿ ಅಮ್ಮೋರೇ."

ನಮ್ಮ ಕಡೆ ಮದುವೆ ಆಗಿ ಮನೆತುಂಬಿಸಿಕೊಳ್ಳುವಾಗ ಹೀಗೇ ಮಾಡುವುದು. ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಹೊಸ ಹೆಣ್ಣು ಹೊಸ್ತಿಲ ಮೇಲೆ ನಿಂತು ಗಂಡನ ಹೆಸರು ಹೇಳಿದರೆ ದಾರಿ ಬಿಡುತ್ತಾರೆ. ಅಲ್ಲಿ ಹೇಳಿದರೆ ತಪ್ಪಿಲ್ಲ. ಹೇಳದಿದ್ದರೇ ತಪ್ಪು. ಆಮೇಲೆ ಜೀವಮಾನ ಪೂರ್ತಿ ಹೇಳುವ ಹಾಗಿಲ್ಲ. ನಾನೂ ಹಾಗೆ ಹೇಳಿಯೇ ಈ ಮನೆಗೆ ಬಂದವಳು, ಅವತ್ತು ನಾಚಿಕೆಗೆ ಎಷ್ಟು ಬೆವರಿದ್ದೆ ಅಂತ ಈಗಲೂ ನೆನಪಿದೆ.

ಅಮ್ಮ ನಿಂತರು. ಸುತ್ತ ನೋಡಿದರು. ಆ ಹೆಂಗಸರೆಲ್ಲ ಸಾಲಾಗಿ ಬಾಗಿಲಲ್ಲಿ ಬಂದು ನಿಂತಿದ್ದರು, ಒಬ್ಬಳ ತಲೆಯ ಮೇಲೆ ಇನ್ನೂ ಮಟ್ಟೆಯ ನಾರು ಅಂಟಿಕೊಂಡಿತ್ತು. ಅತ್ತೆ ಮನೆಯವರು ಕಾಯ್ತಾವರೆ, ಬೇಗ ಹೇಳಿ, ಹೊಟ್ಟೆ ಹಸೀತೈತೆ ಅಂತ ಇನ್ನೊಬ್ಬಳು. ಈ ವಯಸ್ಸಿಗೆ ಇದೆಲ್ಲ ಬೇಕೇನ್ರೇ ಅಂದರು ಅಮ್ಮ. ಆದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಬಲಗಾಲನ್ನು ಹೊಸ್ತಿಲ ಮೇಲಿಟ್ಟರು. ಮೊಮ್ಮಗಳು ಫೋನು ಹಿಡಿದು ಪಕ್ಕದಲ್ಲಿ ನಿಂತಳು. ಆಮೇಲೆ ಅಮ್ಮ ಆ ಹೆಸರು ಹೇಳಿದರು. ದೊಡ್ಡದಾಗೇನೂ ಅಲ್ಲ, ಆದರೆ ನಿಂತವರಿಗೆಲ್ಲ ಕೇಳುವ ಹಾಗೆ.

ಅದು ಎಂಥ ಹೆಸರು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಮಗುವನ್ನು ಮುದ್ದಿಗೆ ಕರೆಯುವ ಒಂದು ಪುಟ್ಟ ಹೆಸರು. ಅಷ್ಟು ದೊಡ್ಡ ಆಳು, ಮಂಡಿಯಲ್ಲಿ ಗದರಿದರೆ ಲಾರಿಯವರೂ ಬೀಡಿ ಎಸೆಯುತ್ತಿದ್ದರು, ಅವರಿಗೆ ಆ ಹೆಸರು ಅಂದರೆ ಯಾರಿಗಾದರೂ ನಗು ಬರುತ್ತದೆ. ಹೆಂಗಸರು ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದರು.

ಮೊಮ್ಮಗಳು ಒತ್ತಿದಳು. ತೆರೆಯಲಿಲ್ಲ. ಅವಳ ಮುಖ ಮತ್ತೆ ಇಳಿಯಿತು. ಇದು ಬಹಳ ಚಿಕ್ಕದಾಯಿತು ಅಮ್ಮ, ಪಾಸ್‌ವರ್ಡ್ ಇಷ್ಟು ಚಿಕ್ಕದಿರೋಕೆ ಆಗಲ್ಲ ಅಂದಳು. ಅಮ್ಮ ಹಣೆ ಚಚ್ಚಿಕೊಂಡರು.

"ಎರಡು ಸಲ ಕಣೇ. ನಮ್ಮತ್ತೆ ಅಂಗಳದಲ್ಲಿ ನಿಂತು ಯಾವಾಗ್ಲೂ ಎರಡು ಸಲ ಕೂಗ್ತಿದ್ರು."

ಹಾಗಾದರೆ ಎರಡು ಸಲ ಹೇಳಿಬಿಡಿ ಅಂತ ಬಾಗಿಲಿನವಳು ಕೈ ತೆಗೆಯಲೇ ಇಲ್ಲ. ಈ ಸಲ ಅಮ್ಮನಿಗೆ ಅಳುಕಿರಲಿಲ್ಲ. ಗೋದಾಮಿನ ಒಳಗೆ, ಅಟ್ಟದ ಕಡೆ ಮುಖ ಮಾಡಿ, ಅವರತ್ತೆ ಕೂಗಿದ ಹಾಗೇ ಎಳೆದು, ಎರಡು ಸಲ ಕೂಗಿದರು. ಅಟ್ಟದ ಮೇಲೆ ಕೂತಿದ್ದ ಪಾರಿವಾಳ ಎದ್ದು ಹಾರಿತು. ಕೂಗಿದ ಮೇಲೆ ಅಲ್ಲೇ ನಿಂತು ನಕ್ಕರು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಮಗೂ ಬಂತು.

ನಾವೆಲ್ಲ ಅಮ್ಮನನ್ನು ನೋಡುತ್ತಿದ್ದೆವು, ಯಾರೂ ಮೊಮ್ಮಗಳನ್ನು ನೋಡಲಿಲ್ಲ. ಅವಳು ಅಜ್ಜಿ ಅಂದಳು, ಅಷ್ಟೆ. ತಿರುಗಿ ನೋಡಿದರೆ ತೊಲೆಯ ಮೇಲೆ ಕೆಂಪು ದೀಪ ಹಸಿರಾಗಿತ್ತು. ಅವಳು ಅಮ್ಮನ ಫೋನನ್ನು ಅಮ್ಮನ ಕೈಗೇ ಕೊಟ್ಟಳು. ಅದರಲ್ಲಿ ಗೋದಾಮು. ಕರಟದ ಗುಡ್ಡೆ, ಕೊಬ್ಬರಿ ಮೂಟೆ, ನನ್ನ ಕುರ್ಚಿ. ಹೊಸ್ತಿಲ ಮೇಲೆ ತಲೆತುಂಬ ಸೆರಗು ಹೊದ್ದು ನಗುತ್ತಾ ನಿಂತ ಅಮ್ಮ. ಇದು ನಾನೇನೇ ಅಂತ ಅಮ್ಮ ಕೇಳಿದರು. ಕೈ ಎತ್ತಿ ನೋಡಿದರು, ಫೋನಿನಲ್ಲಿದ್ದವರೂ ಒಂದು ಗಳಿಗೆ ತಡೆದು ಕೈ ಎತ್ತಿದರು.

ನಾನು ನೋಡಿದ್ದು ಬೇರೆ. ಆ ಚಿತ್ರದ ಮೂಲೆಯಲ್ಲಿ ನನ್ನ ಮಗ ಇದ್ದ. ಗೋಡೆಗೆ ಒರಗಿಸಿದ ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ತಲೆ ತಗ್ಗಿಸಿ ನಿಂತಿದ್ದ. ಏಣಿಯ ಮೇಲೆ ಯಾರೂ ಇರಲಿಲ್ಲ. ಮೊಮ್ಮಗಳೂ ಅದನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ನೋಡಿ, ಅವರಪ್ಪನ ಹತ್ತಿರ ಹೋಗಿ, ಏಣಿ ಬಿಡಪ್ಪ, ಕೆಲಸ ಮುಗೀತು ಅಂದಳು. ಅವನು ಮುಗೀತಾ ಅಂತ ಕೇಳಿದ. ಬೆರಳು ಬಿಡಿಸಿಕೊಳ್ಳುವುದಕ್ಕೆ ಅವನಿಗೆ ಸ್ವಲ್ಪ ಹೊತ್ತೇ ಬೇಕಾಯಿತು.

ಅಮ್ಮ ಎಲ್ಲರಿಗೂ ಬೆಲ್ಲ ಕೊಬ್ಬರಿ ಹಂಚಿದರು. ಹೊರಡುವಾಗ ಮೊಮ್ಮಗಳ ಹಣೆಗೆ ಕುಂಕುಮ ಇಡಿಸಿದರು, ಹಾಸನದವರಿಗೆ ಬೇಡ ಅಂತ ಹೇಳಿಬಿಡಿ ಅಂತ ಗುಮಾಸ್ತರಿಗೆ ಅಂದರು, ಅಂಗಳಕ್ಕೂ ಆಫೀಸಿಗೂ ಇನ್ನೆರಡು ಹಾಕಬೇಕು, ನಾನು ಬಾಣಂತನ ಮುಗಿಸಿ ಬಂದ ಮೇಲೆ ಬಾ ಅಂತ ಅವಳಿಗೆ ಅಂದರು. ಪಾಸ್‌ವರ್ಡನ್ನು ಬದಲಾಯಿಸಬೇಕಾ, ಈಗ ಇಷ್ಟು ಜನಕ್ಕೆ ಗೊತ್ತಾಗಿದೆಯಲ್ಲ ಅಂತ ಅವಳು ಕೇಳಿದಳು. ಗುಮಾಸ್ತರು ಬೇರೆ ಕಡೆ ನೋಡಿದರು. ಅಮ್ಮ ಬೇಡ, ಇರಲಿ ಅಂದರು. ಸಿನಿಮಾ ನೋಡಿದರೆ ನನಗೆ ಶಿವಮೊಗ್ಗದಲ್ಲೇ ಕಾಣುತ್ತದೆ ಅಂದರು.

ಮನೆಗೆ ಬರುವ ದಾರಿಯಲ್ಲಿ ನಾನು ಆಟೋದಲ್ಲಿ ಮುಂದೆ ಮಗನ ಪಕ್ಕ ಕೂತಿದ್ದೆ. ಮೊಮ್ಮಗಳು ಹಿಂದೆ ಏಣಿಯ ಜೊತೆ. ರಾಗಿ ಹೊಲಗಳ ಮೇಲೆ ಸಂಜೆ ಬಿಸಿಲು. ಅವನು ಏನಾದರೂ ಹೇಳುತ್ತಾನೇನೋ ಅಂತ ಕಾದೆ, ಅವನು ರಸ್ತೆ ನೋಡಿಕೊಂಡು ಓಡಿಸಿದ. ನಾನೇ ದಾರಿಯುದ್ದಕ್ಕೂ ಮಾತಾಡಿದೆ, ಅವನೂ ಅಲ್ಲೇ ಇದ್ದ ಅನ್ನುವುದನ್ನು ಮರೆತು ಅವನಿಗೇ ಎಲ್ಲ ಹೇಳಿದೆ.

ಮನೆಯಲ್ಲಿ ಸೊಸೆ ಅಕ್ಕಿ ಹಿಟ್ಟು ಬೇಯಿಸಿ ಶಾವಿಗೆ ಒತ್ತುವ ಒರಳು ತೊಳೆದು ಇಟ್ಟಿದ್ದಳು. ಕೆಲಸ ಆದರೆ ಹಬ್ಬದ ಹಾಗೆ, ಆಗದಿದ್ದರೆ ಸಮಾಧಾನಕ್ಕೆ, ಎರಡಕ್ಕೂ ಶಾವಿಗೆ ಆಗುತ್ತದೆ ಅಂತ ಅವಳ ಲೆಕ್ಕ. ನಮ್ಮ ಯಜಮಾನರು, ಮೊಮ್ಮಗಳ ಅಜ್ಜ, ಜಗಲಿಯಲ್ಲಿ ಕೂತು ಕಾಯಿ ತುರಿದಿಟ್ಟಿದ್ದರು. ಒರಳಿನ ಕೈ ಅದುಮುವುದು ಯಾವಾಗಲೂ ನನ್ನ ಮಗನೇ. ಅವನು ಅದುಮಿದ, ಸೊಸೆ ತಟ್ಟೆ ಹಿಡಿದಳು, ಬಿಳಿ ಎಳೆಗಳು ಬಿಸಿಬಿಸಿಯಾಗಿ ಸುರುಳಿ ಸುತ್ತಿ ಬಿದ್ದವು. ನಾನು ಕಾಯಿಹಾಲಿಗೆ ಬೆಲ್ಲ ಏಲಕ್ಕಿ ಹಾಕುತ್ತಾ ಅಮ್ಮನ ಕಥೆಯನ್ನು ಮೊದಲಿಂದ ಹೇಳಿದೆ. ನಮ್ಮ ಯಜಮಾನರು ಕೇಳಿಸಿಕೊಂಡು, ನನ್ನ ಹೆಸರಿಟ್ಟಿದ್ದರೆ ಆ ಕ್ಯಾಮೆರಾಗೆ ಈ ಜನ್ಮದಲ್ಲಿ ಕಣ್ಣು ಬರುತ್ತಿರಲಿಲ್ಲ ಬಿಡು ಅಂದರು. ಮೊಮ್ಮಗಳು ಅಡುಗೆಮನೆ ಬಾಗಿಲಿಗೆ ಅಡ್ಡ ಕೈ ಚಾಚಿದಳು. ನಾನು ಬಿಸಿ ಪಾತ್ರೆ ತೋರಿಸಿ, ಸರಿದುಕೋ, ಇಲ್ಲದಿದ್ದರೆ ಕೈ ಮೇಲೆ ಚೆಲ್ಲುತ್ತೇನೆ ಅಂದೆ. ಸರಿದಳು.

ಐದು ಜನವೂ ಒಟ್ಟಿಗೆ ನೆಲದ ಮೇಲೆ ಕೂತೆವು. ನಮ್ಮಲ್ಲಿ ಗಂಡಸರಿಗೆ ಮೊದಲು ಬಡಿಸುವುದು. ಅವತ್ತು ನನ್ನ ಮಗ ತನ್ನ ಮುಂದಿದ್ದ ತಟ್ಟೆಯನ್ನು ಮಗಳ ಮುಂದೆ ಸರಿಸಿದ, ತಾನೇ ಶಾವಿಗೆ ಹಾಕಿದ, ಮೇಲೆ ಕಾಯಿಹಾಲು ಸುರಿದ. ಅವಳು ಸಾಕಪ್ಪ ಅಂದರೂ ಇನ್ನೊಂದು ಸೌಟು ಸುರಿದ. ಆಮೇಲೆ ತಲೆ ಎತ್ತದೆ ಕೇಳಿದ.

"ನಾಳೀಕ್ ಏಣಿ ಯಾವೂರ್‌ಗೆ ಕಟ್ಬೇಕು ಮಗಾ?"

ಅವಳು ಬಾಯಲ್ಲಿದ್ದದ್ದು ನುಂಗಿಕೊಂಡು, ಹಳೇಬೀಡಿನ ಹತ್ತಿರ ಬಸ್ತಿಹಳ್ಳಿಯಲ್ಲಿ ಒಬ್ಬರು ಕೇಳಿದ್ದಾರೆ, ನಾಳೆಯಲ್ಲ, ಬರೋ ವಾರ ಅಂದಳು. ಬರೋ ವಾರವೇ ಕಟ್ಟೋಣ ಅಂದ. ಸೊಸೆ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ನಮ್ಮ ಯಜಮಾನರು ಇನ್ನೊಂದಿಷ್ಟು ಶಾವಿಗೆ ಹಾಕು ಅಂತ ತಟ್ಟೆ ಮುಂದೆ ನೀಡಿದರು. ಹಾಕಿದೆ. ಎಲ್ಲರಿಗೂ ಇನ್ನೊಂದು ಸುತ್ತು ಹಾಕಿದೆ, ಆಮೇಲೆ ನಾನೂ ಉಂಡೆ.